ಪಬ್ಲಿಷರ್ ಮೇಜಿನ ಮೇಲೆ ನಮ್ಮ ಜೀಪು

ನಾನೂ ನನ್ನ ಗೆಳತಿಯೂ ಸೇರಿ ಮಾಡಿದ ವಿಡಿಯೋ ಗೇಮಿನಲ್ಲಿ ಇರುವುದು ಒಂದು ಜೀಪು, ಒಂದು ರಸ್ತೆ, ಮತ್ತೆ ಮಂಜು. ಆಡುವವರೇ ಜೀಪಿನ ಡ್ರೈವರ್. ಬೆಳಗಿನ ಹೊತ್ತು ಕಳಸದಿಂದ ಹೊರಟು ಬಾಳೂರು ದಾಟಿ ಕೊಟ್ಟಿಗೆಹಾರ ಮುಟ್ಟಬೇಕು. ಗಾಜಿನ ಮುಂದೆ ಏನೂ ಕಾಣುವುದಿಲ್ಲ, ಬರೀ ಬಿಳುಪು. ಹಿಂದೆ ಕೂತ ಪ್ರಯಾಣಿಕರು ದಾರಿ ಹೇಳುತ್ತಾರೆ. ‘ಈಗ ಎಡಕ್ಕೆ’, ‘ಮುಂದೆ ಮೋರಿ ಇದೆ, ನಿಧಾನ’. ಆದರೆ ಅವರವರಿಗೆ ಗೊತ್ತಿರುವುದು ಅವರವರ ಮನೆಯವರೆಗಿನ ದಾರಿ ಮಾತ್ರ. ಒಬ್ಬೊಬ್ಬರೇ ಇಳಿಯುತ್ತಾ ಹೋದ ಹಾಗೆ ದಾರಿ ಹೇಳುವವರು ಕಡಿಮೆಯಾಗುತ್ತಾರೆ. ಕೊನೆಯ ತಿರುವುಗಳನ್ನು ಡ್ರೈವರ್ ಒಬ್ಬನೇ, ಬರೀ ಕಿವಿ ನಂಬಿಕೊಂಡು ದಾಟಬೇಕು.

ಇದು ಗೆಳತಿಗೆ ಹೊಳೆದದ್ದು. ಅವಳು ಜಾವಳಿಯವಳು. ಅವರದ್ದು ಚಿಕ್ಕ ಕಾಫಿ ತೋಟ. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ನಾನು ಮೂಡಿಗೆರೆಯಲ್ಲಿ ಮದುವೆ ಆಲ್ಬಮ್ಮು, ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡುವ ಅಂಗಡಿ ಇಟ್ಟುಕೊಂಡಿರುವವಳು. ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ನನ್ನ ತಂದೆ, ನಮ್ಮ ಅಬ್ಬ, ಜೀಪು ರಿಪೇರಿ ಮಾಡುತ್ತಾರೆ. ಗೇಮಿನ ಚಿತ್ರಗಳೆಲ್ಲ ನನ್ನವು, ಕೋಡಿನ ಲೆಕ್ಕಾಚಾರವೆಲ್ಲ ಅವಳದ್ದು. ಪ್ರಯಾಣಿಕರ ದನಿಗಳನ್ನು ಮಾತ್ರ ನಾವು ಊರೂರು ತಿರುಗಿ ಗುರುತಿನವರಿಂದ ಪಡೆದುಕೊಂಡು ಬಂದೆವು.

ಅರ್ಧ ಮುಗಿದಾಗ ಬೆಂಗಳೂರಿನಲ್ಲಿ ಗೇಮ್ ಮಾಡುವವರ ಒಂದು ಸಮಾವೇಶ ಇದೆಯೆಂದು ಗೊತ್ತಾಯಿತು. ಅಲ್ಲಿಗೆ ಪಬ್ಲಿಷರ್‌ಗಳು ಬರುತ್ತಾರೆ, ನಮ್ಮಂಥವರು ಅವರ ಎದುರು ಸ್ವಲ್ಪ ಹೊತ್ತು ಕೂತು ಗೇಮ್ ತೋರಿಸಬಹುದು. ಅರ್ಜಿ ಹಾಕಿದೆವು. ಬನ್ನಿ ಎಂದರು.

ಸುದ್ದಿ ಹೇಳಿದಾಗ ಅಬ್ಬ ಜೀಪಿನ ಕೆಳಗೆ ಮಲಗಿದ್ದರು. ಅಲ್ಲಿಂದಲೇ ಕೇಳಿದರು.

‘ಪಬ್ಲಿಷರ್ ಅಂದ್ರೆ ಪುಸ್ತಕ ಅಚ್ಚು ಹಾಕೋರಲ್ವಾ? ನಿಮ್ದ್ರಲ್ಲಿ ಅಚ್ಚು ಹಾಕೋದು ಎಂತ ಇದೆ?’

‘ಅಚ್ಚು ಹಾಕೋದಲ್ಲ ಅಂಕಲ್,’ ಗೆಳತಿ ಬಗ್ಗಿ ಕೂತು ಹೇಳಿದಳು. ‘ನಾವು ಮಾಡಿದ್ದನ್ನ ಅವ್ರು ಜನಕ್ಕೆ ಮುಟ್ಟಿಸ್ತಾರೆ. ಬೇರೆ ದೇಶದೋರಿಗೂ.’

‘ಅವ್ರು ಆಡಿ ನೋಡಿ ತಗೊಳ್ತಾರಾ, ನೀವು ಹೇಳಿದ್ದು ಕೇಳಿ ತಗೊಳ್ತಾರಾ?’

ಅದು ನಮಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿದ್ದು ಗೇಮ್ ಮಾರುವ ಆಸೆಗಿಂತ ಹೆಚ್ಚಾಗಿ ಇಂಥ ಕುತೂಹಲವೇ. ಕಳಸದ ರಸ್ತೆ ಎಂದರೆ ಏನೆಂದೇ ತಿಳಿಯದವರು ನಮ್ಮ ಜೀಪಿನಲ್ಲಿ ಕೂತಾಗ ಏನು ಮಾಡುತ್ತಾರೆ? ಎಲ್ಲಿ ಹೆದರುತ್ತಾರೆ? ಯಾರ ಮಾತು ನಂಬುತ್ತಾರೆ?

ಹೋಗುವ ಮೊದಲು ಜಾವಳಿಯ ಗೆಳತಿಯ ಮನೆಯ ಕಣದಲ್ಲಿ ನಿಂತು ಮಾತಾಡಿ ರೂಢಿ ಮಾಡಿಕೊಂಡೆವು. ಒಣಗಲು ಕಾಫಿ ಹರವಿದ್ದರು. ಗೆಳತಿಯ ಚಿಕ್ಕಪ್ಪ ಕಾಲಲ್ಲಿ ಕಾಯಿ ತಿರುವುತ್ತಾ ನಮ್ಮ ಇಂಗ್ಲಿಷು ಕೇಳಿಸಿಕೊಂಡರು. ನಾವು ಮುಗಿಸಿದ ಮೇಲೆ, ‘ಎಲ್ಲ ಸರಿ, ಇದ್ರಲ್ಲಿ ಗೆಲ್ಲೋದು ಅಂದ್ರೆ ಎಂತದು?’ ಎಂದರು.

‘ಕೊಟ್ಟಿಗೆಹಾರ ಮುಟ್ಟೋದು ಚಿಕ್ಕಪ್ಪ.’

‘ಅದು ಗೆಲ್ಲೋದಾ? ನಾವು ದಿನಾ ಮುಟ್ತೀವಲ್ಲೇ.’

ನಕ್ಕೆವು, ಮತ್ತೆ ಮೊದಲಿನಿಂದ ಹೇಳಿ ನೋಡಿದೆವು.

ಸಮಾವೇಶದ ಸಭಾಂಗಣ ದೊಡ್ಡದು. ಗುಂಡು ಮೇಜುಗಳು, ಪ್ರತಿ ಮೇಜಿನ ಒಂದು ಕಡೆ ಪಬ್ಲಿಷರು, ಇನ್ನೊಂದು ಕಡೆ ನಮ್ಮಂಥವರು. ಗಂಟೆ ಬಾರಿಸಿದರೆ ಎದ್ದು ಮುಂದಿನ ಮೇಜಿಗೆ ಹೋಗಬೇಕು. ಗಂಡು ಹೆಣ್ಣು ನೋಡುವ ಕಾರ್ಯಕ್ರಮಗಳಿಗೆ ಫೋಟೋ ತೆಗೆಯಲು ಹೋಗಿ ನನಗೆ ಅಭ್ಯಾಸವಿತ್ತು. ಎರಡೂ ಕಡೆಯವರು ನೆಟ್ಟಗೆ ಕೂತು ನಗುವ ರೀತಿ ಅದೇ ಆಗಿತ್ತು.

ಮೊದಲ ಮೇಜಿನಲ್ಲಿದ್ದ ಯುವಕ, ನಾವು ಲ್ಯಾಪ್‌ಟಾಪ್ ತೆರೆಯುವ ಮೊದಲೇ, ಇದು ಯಾವ ಗೇಮಿನ ಹಾಗಿದೆ ಎಂದು ಕೇಳಿದ. ಗೆಳತಿ ಯಾವುದರ ಹಾಗೂ ಇಲ್ಲ ಎಂದಳು. ಅದು ತಪ್ಪು ಉತ್ತರ ಎಂದು ಅವನ ಮುಖ ನೋಡಿಯೇ ಗೊತ್ತಾಯಿತು. ಎರಡನೆಯ ಮೇಜಿನವರು ಆಡದೆ ಬರೀ ಕೇಳಿದರು: ಇದನ್ನು ಯಾರು ಆಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ಮತ್ತೆ ಯಾಕೆ ಆಡುತ್ತಾರೆ. ಅಬ್ಬನ ಪ್ರಶ್ನೆಗೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಕೆಲವರು ನೋಡುವುದೇ ಇಲ್ಲ, ಕೇಳುತ್ತಾರೆ ಅಷ್ಟೆ.

ನನಗೆ ಮಾತ್ರ ಬೇಸರವಾಗಲಿಲ್ಲ. ಮಾತಾಡುವ ಕೆಲಸ ಗೆಳತಿಯದ್ದಾದ್ದರಿಂದ ನಾನು ಅವರ ಕೈಗಳನ್ನು ನೋಡುತ್ತಾ ಕೂತಿದ್ದೆ. ಮೂರನೆಯ ಮೇಜಿನ ಒಬ್ಬರು ಕಂಟ್ರೋಲರನ್ನು ಹಾವು ಹಿಡಿದ ಹಾಗೆ ಹಿಡಿದಿದ್ದರು. ಇನ್ನೊಬ್ಬರು ತಿರುವು ಬಂದಾಗ ತಾವೂ ಕುರ್ಚಿಯಲ್ಲಿ ವಾಲುತ್ತಿದ್ದರು. ಮಂಜು ದಟ್ಟವಾದಾಗ ಬಹಳ ಜನ ಸ್ಕ್ರೀನಿನ ಹತ್ತಿರಕ್ಕೆ ಮುಖ ತಂದು ಕಣ್ಣು ಕಿರಿದು ಮಾಡುತ್ತಿದ್ದರು. ನನ್ನ ಬಣ್ಣದ ಬಿಳುಪಿನ ಹಿಂದೆ ನಿಜವಾಗಿಯೂ ಏನೋ ಇದೆ ಎನ್ನುವಂತೆ.

ಮಧ್ಯಾಹ್ನದ ಊಟದ ನಂತರ ಸಿಕ್ಕ ಮೇಜಿನಲ್ಲಿ ಬೇರೆ ದೇಶದ ಒಬ್ಬ ಹೆಂಗಸು ಕೂತಿದ್ದರು. ತಲೆಗೂದಲು ಪೂರ್ತಿ ನೆರೆತಿತ್ತು. ಗೆಳತಿ ಮಾತು ಶುರು ಮಾಡುವಾಗ ಕೈ ಎತ್ತಿ ತಡೆದು, ‘ಮೊದಲು ಆಡುತ್ತೇನೆ,’ ಎಂದು ಇಂಗ್ಲಿಷಿನಲ್ಲಿ ಹೇಳಿ ಹೆಡ್‌ಫೋನ್ ಹಾಕಿಕೊಂಡರು. ಪ್ರಯಾಣಿಕರು ಕನ್ನಡದಲ್ಲಿ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ. ಸ್ವಲ್ಪ ದೂರ ಹೋಗಿ ಅವರು ಕೇಳಿದರು.

‘ಈ ಸಾಲುಗಳನ್ನು ತೆಗೆಯಬಹುದೇ?’

‘ತೆಗೆದರೆ ನಿಮಗೆ ಅರ್ಥವಾಗುವುದಿಲ್ಲ,’ ಎಂದಳು ಗೆಳತಿ.

‘ನೋಡೋಣ, ಎಷ್ಟು ಅರ್ಥವಾಗುವುದಿಲ್ಲ ಅಂತ.’

ತೆಗೆದೆವು. ಆಮೇಲೆ ಅವರು ದನಿಯ ಏರಿಳಿತ ಹಿಡಿದೇ ಓಡಿಸಿದರು. ದನಿ ಸಮಾಧಾನವಾಗಿದ್ದರೆ ಮುಂದೆ, ಗಟ್ಟಿಯಾದರೆ ಬ್ರೇಕು. ಎರಡು ತಿರುವು ಸರಿಯಾಗಿ ದಾಟಿದರು. ಮೂರನೆಯದರಲ್ಲಿ ಜೀಪನ್ನು ಮೋರಿಗೆ ಇಳಿಸಿದಾಗ ಹಿಂದಿನಿಂದ ‘ನಿಧಾನ ಅಂದ್ನಲ್ಲ ಮಾರಾಯ’ ಎಂಬ ದನಿ ಬಂತು. ಅವರು ತಲೆದೂಗಿ, ‘ಬೈದರು, ಅಲ್ಲವೇ?’ ಎಂದು ನಕ್ಕರು.

ಬಾಳೂರಿನ ಹತ್ತಿರ ಮೂಟೆ ಇಟ್ಟುಕೊಂಡು ಕೂತ ಒಬ್ಬ ಪ್ರಯಾಣಿಕ ಇಳಿಯುತ್ತಾನೆ. ‘ಇಲ್ಲೇ ಇಳೀತೀನಿ’ ಎನ್ನುತ್ತಾನೆ. ಈ ಹೆಂಗಸು ಜೀಪು ನಿಲ್ಲಿಸಲಿಲ್ಲ. ಅವನು ಮತ್ತೆ ಹೇಳಿದ. ಅವರು ಓಡಿಸುತ್ತಲೇ ಇದ್ದರು. ಆಮೇಲೆ ಅವನು ಸುಮ್ಮನಾದ. ಅವರು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದರು.

‘ಇವರು ಯಾಕೆ ಸುಮ್ಮನಾದರು?’

‘ಮುಂದಿನ ಮಾತು ನಾವು ರೆಕಾರ್ಡ್ ಮಾಡಿಲ್ಲ,’ ಎಂದಳು ಗೆಳತಿ. ‘ನಿಲ್ಲಿಸದೆ ಹೋಗುತ್ತಾರೆ ಅಂತ ಅಂದುಕೊಂಡಿರಲಿಲ್ಲ.’

‘ಮಾಡಿದ್ದರೆ ಏನು ಹೇಳುತ್ತಿದ್ದರು?’

‘ಬೈಯುತ್ತಿದ್ದರು,’ ಎಂದಳು ಗೆಳತಿ. ‘ಇಲ್ಲ, ಇಳಿಸಿ ಅಂತ ಕೇಳಿಕೊಳ್ಳುತ್ತಿದ್ದರು,’ ಎಂದೆ ನಾನು. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಎಂತ ಕೇಳ್ಕೊಳ್ಳೋದು, ಬಾಳೂರಿನೋರು ಜೋರು,’ ಎಂದಳು. ನಾನು, ‘ಎಲ್ರೂ ನಿಮ್ಮ ಚಿಕ್ಕಪ್ಪನ ಥರ ಇರ್ತಾರಾ?’ ಎಂದೆ. ಹೀಗೆ ಪಬ್ಲಿಷರ್ ಎದುರಿಗೇ ನಾವು ವಾದಕ್ಕೆ ಬಿದ್ದೆವು. ಆ ಹೆಂಗಸು ಸ್ವಲ್ಪ ಮುಂಚೆ ಪ್ರಯಾಣಿಕರ ದನಿ ಕೇಳಿಸಿಕೊಂಡಷ್ಟೇ ಗಮನವಿಟ್ಟು ನಮ್ಮನ್ನು ಕೇಳಿಸಿಕೊಂಡರು. ಗಂಟೆ ಹೊಡೆಯಿತು.

‘ನಿಮಗಿಬ್ಬರಿಗೂ ಗೊತ್ತಿಲ್ಲ,’ ಎಂದರು ಎದ್ದು ನಿಲ್ಲುತ್ತಾ. ‘ತಿಳಿದುಕೊಳ್ಳಿ. ಹೈದರಾಬಾದಿನ ಸಮಾವೇಶಕ್ಕೆ ನಾನು ಬರುತ್ತೇನೆ. ಅಲ್ಲಿ ತೋರಿಸಿ.’

ವಾಪಸು ಬರುವ ಬಸ್ಸಿನಲ್ಲಿ ಹಾಸನ ದಾಟುವವರೆಗೂ ನಾವು ಅದೇ ವಾದ ಮುಂದುವರಿಸಿದೆವು. ಕೊನೆಗೆ ಇಬ್ಬರಿಗೂ ಅನಿಸಿದ್ದು, ಕೂತು ಊಹೆ ಮಾಡುವುದಕ್ಕಿಂತ ಹೋಗಿ ಕೇಳುವುದೇ ಸುಲಭ ಎಂದು.

ಮುಂದಿನ ಭಾನುವಾರ ಬಾಳೂರಿಗೆ ಹೋದೆವು. ಮೂಟೆಯ ಪ್ರಯಾಣಿಕನಿಗೆ ದನಿ ಕೊಟ್ಟಿದ್ದವರು ಅಲ್ಲಿನ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ಬಿಟ್ಟವರು. ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. ವಿಷಯ ಹೇಳಿದೆವು. ಡ್ರೈವರು ನಿಮ್ಮನ್ನು ಇಳಿಸದೆ ಹೋಗಿಬಿಟ್ಟರೆ ಏನಂತೀರಿ?

ಅವರು ಕತ್ತಿ ಕೆಳಗಿಟ್ಟರು. ‘ಯಾರು ಡ್ರೈವರು? ಗೊತ್ತಿರೋನಾ?’

‘ಅಲ್ಲ, ಹೊಸಬ.’

‘ಮಂಜಿದೆ ಅಂದ್ರಲ್ಲ?’

‘ಇದೆ. ಎಂತದೂ ಕಾಣಲ್ಲ.’

‘ಮತ್ತೆ ಅವನಿಗೆ ಗಾಬರಿ ಆಗಿರುತ್ತೆ, ಅದಕ್ಕೇ ನಿಲ್ಸಿಲ್ಲ. ಸೇತುವೆ ತನಕ ಕೂತ್ಕೊಂಡು ದಾರಿ ಹೇಳ್ತೀನಿ. ಅಲ್ಲಿಂದ ಮುಂದೆ ರಸ್ತೆ ನೆಟ್ಟಗಿದೆ.’

‘ವಾಪಸ್ ಹ್ಯಾಗ್ ಬರ್ತೀರಿ?’

‘ನಡ್ಕೊಂಡು ಬರೋದು. ಎಂತ ಇದೆ ಅದ್ರಲ್ಲಿ.’

ಗೆಳತಿ ಮೈಕು ಹಿಡಿದೇ ನನ್ನ ಕಡೆ ನೋಡಿದಳು. ಬೈಯುವುದೂ ಇಲ್ಲ, ಕೇಳಿಕೊಳ್ಳುವುದೂ ಇಲ್ಲ. ನಮ್ಮಿಬ್ಬರ ವಾದವೂ ಬಿದ್ದು ಹೋಗಿತ್ತು.

ಅಲ್ಲಿಂದ ನಮಗೆ ಒಂದು ಥರ ಹುಚ್ಚು ಹಿಡಿಯಿತು. ಸಿಕ್ಕಿದವರನ್ನೆಲ್ಲ ಅದೇ ಪ್ರಶ್ನೆ ಕೇಳಿದೆವು. ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಒಬ್ಬರು, ‘ನಾನು ಮಾತಾಡಲ್ಲ. ಜೀಪಿನ ಓನರಿಗೆ ಫೋನ್ ಮಾಡ್ತೀನಿ,’ ಎಂದರು. ಕಳಸದಲ್ಲಿ ಬಳೆ ಅಂಗಡಿ ಇಟ್ಟುಕೊಂಡ ಹೆಂಗಸಿಗೆ ಪ್ರಶ್ನೆ ಕೇಳಿ ಖುಷಿಯೇ ಆಯಿತು. ‘ಮುಂದಿನ ಸ್ಟಾಪಿನಲ್ಲಿ ನಮ್ಮಕ್ಕ ಇದ್ದಾಳೆ. ನೋಡದೆ ಎಷ್ಟು ದಿನ ಆಯ್ತು. ಇಳಿಸ್ದೇ ಇದ್ರೆ ಒಳ್ಳೇದೇ ಆಯ್ತಲ್ಲ, ಹೋಗಿ ಅಲ್ಲೇ ಉಳ್ಕೋತೀನಿ. ಮನೇಲಿ ಕೇಳಿದ್ರೆ ಡ್ರೈವರ್ ನಿಲ್ಸಿಲ್ಲ ಅಂದ್ರಾಯ್ತು.’ ಅತ್ತಿಗುಂಡಿಯಲ್ಲಿ ಟೂರಿಸ್ಟ್ ಜೀಪು ಓಡಿಸುವ ಒಬ್ಬರು ಪ್ರಶ್ನೆಯನ್ನೇ ಒಪ್ಪಲಿಲ್ಲ. ‘ಇಳೀತೀನಿ ಅನ್ನೋರೇ ಇಲ್ಲ ಮಾರಾಯ್ರೆ. ಇಳಿಸೋದೇ ನಮಗೆ ಕಷ್ಟ. ಇನ್ನೊಂದು ಫೋಟೋ, ಇನ್ನೊಂದು ಫೋಟೋ ಅಂತಾರೆ.’

ಇಷ್ಟು ವರ್ಷ ಅದೇ ಜೀಪುಗಳಲ್ಲಿ ಇದೇ ಜನರ ಮಗ್ಗುಲಲ್ಲಿ ಕೂತು ಓಡಾಡಿದವಳು ನಾನು. ಇವರಲ್ಲಿ ಒಬ್ಬರ ಉತ್ತರವನ್ನೂ ಮುಂಚಿತವಾಗಿ ಹೇಳಲು ನನಗಾಗುತ್ತಿರಲಿಲ್ಲ ಎಂಬುದು ಆಗಾಗ ನೆನಪಾಗಿ ಮೋಜೆನಿಸುತ್ತಿತ್ತು.

ಗೆಳತಿ ಕಾಲೇಜು ಮುಗಿಸಿ ಬಂದು ಸಂಜೆಗಳಲ್ಲಿ ಎಲ್ಲವನ್ನೂ ಗೇಮಿಗೆ ಸೇರಿಸಿದಳು. ಈಗ ಇಳಿಸದೆ ಹೋದರೆ ಕೆಲವರು ಸಿಟ್ಟಾಗುತ್ತಾರೆ, ಕೆಲವರು ಜೊತೆಗೆ ಉಳಿಯುತ್ತಾರೆ, ಒಬ್ಬರು ಡ್ರೈವರನ್ನು ಮನೆಗೆ ಕಾಫಿಗೆ ಕರೆಯುತ್ತಾರೆ. ನಾನು ಆ ಮನೆಗಳನ್ನೂ ಅವುಗಳಿಗೆ ಹೋಗುವ ಕವಲು ದಾರಿಗಳನ್ನೂ ಬರೆದೆ. ಕೆಲವು ತಿಂಗಳಲ್ಲಿ ಅದು ಬೇರೆಯೇ ಗೇಮ್ ಆಗಿತ್ತು.

ಹೈದರಾಬಾದಿಗೆ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಆ ಹೆಂಗಸಿನ ಮುಖವನ್ನೇ. ಮೇಸ್ತ್ರಿ ‘ಸೇತುವೆ ತನಕ ಬರ್ತೀನಿ’ ಎಂದಾಗ ಅರ್ಥವಾಗದೆಯೂ ಅವರಿಗೆ ಏನಾದರೂ ತಿಳಿಯುತ್ತದೆಯೇ?

ಮೇಜಿನ ಹತ್ತಿರ ಹೋದಾಗ ಅವರ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ಅದೇ ಕಂಪನಿಯವನು.

‘ಅವರು ಈಗ ನಮ್ಮಲ್ಲಿಲ್ಲ. ಕೆಲಸ ಬಿಟ್ಟರು,’ ಎಂದ. ಎಲ್ಲಿಗೆ ಹೋದರೆಂದು ಅವನಿಗೆ ಗೊತ್ತಿರಲಿಲ್ಲ. ಗೆಳತಿ ಲ್ಯಾಪ್‌ಟಾಪ್ ತೆರೆದಳು.

ಅವನು ಶ್ರದ್ಧೆಯಿಂದಲೇ ಆಡಿದ. ಇಳಿಯುತ್ತೇನೆ ಎಂದವರನ್ನೆಲ್ಲ ಹೇಳಿದಲ್ಲಿ ಇಳಿಸಿದ. ಒಂದು ತಪ್ಪೂ ಮಾಡಲಿಲ್ಲ. ನಾವು ತಿಂಗಳುಗಟ್ಟಲೆ ಮಾಡಿದ ಕೆಲಸದ ಒಂದು ಚೂರೂ ಅವನಿಗೆ ಕಾಣಿಸಲಿಲ್ಲ. ಆಮೇಲೆ ಗೆಳತಿ ವಿವರಿಸಿದಾಗ ಪೂರ್ತಿ ಕೇಳಿ ಹೇಳಿದ: ‘ಆಡುವವರು ಮಾಡಬಾರದ್ದನ್ನು ಮಾಡಿದರೆ ಮಾತ್ರ ನಿಮ್ಮ ಗೇಮಿನ ಒಳ್ಳೆಯ ಭಾಗ ಶುರುವಾಗುತ್ತದೆ. ಎಷ್ಟು ಜನ ಹಾಗೆ ಮಾಡುತ್ತಾರೆ?’

ನಮಗೆ ಬೇಡ ಎಂದು ಅವನು ವಿನಯದಿಂದಲೇ ಹೇಳಿದ. ಆಚೆ ಬಂದು ಗೆಳತಿ ಒಂದು ಕಂಬಕ್ಕೆ ಒರಗಿ ನಿಂತಳು.

‘ಊರಿಗೆ ಹೋಗಣ ಮಾರಾಯ್ತಿ. ಸಾಕು.’

‘ಅವ್ನು ಕೇಳಿದ್ದು ಸರಿಯಾಗೇ ಇದೆಯಲ್ಲ,’ ಎಂದೆ. ‘ಎಷ್ಟು ಜನ ಮಾಡ್ತಾರೆ ಅಂತ ನಂಗೂ ನೋಡ್ಬೇಕು ಅನ್ಸುತ್ತೆ.’

‘ನೋಡಿ?’

‘ನೋಡಿ ಎಂತದೂ ಇಲ್ಲ. ಸುಮ್ನೆ ನೋಡದು.’

ಸಭಾಂಗಣದ ಹೊರಗಡೆ, ಯಾರು ಬೇಕಾದರೂ ಬಂದು ಆಡಬಹುದಾದ ಮೇಜುಗಳಿದ್ದವು. ಒಂದನ್ನು ಕೇಳಿ ಪಡೆದು ಲ್ಯಾಪ್‌ಟಾಪ್ ಇಟ್ಟು ಸ್ವಲ್ಪ ದೂರದಲ್ಲಿ ಕೂತೆವು. ಮೊದಲು ಬಂದವರು ತಾಯಿ ಮತ್ತು ಮಗಳು. ಎಲ್ಲರನ್ನೂ ಜೋಪಾನವಾಗಿ ಇಳಿಸಿ ಹೋದರು. ಆಮೇಲೆ ಕಾಲೇಜಿನ ಇಬ್ಬರು, ಬೇಕಂತಲೇ ಯಾರನ್ನೂ ಇಳಿಸದೆ ಎಲ್ಲರಿಂದ ಬೈಸಿಕೊಂಡು ನಕ್ಕರು. ಹಾಗೆ ಬೇಕಂತ ಮಾಡಿದವರಿಗೆ ಆ ಮಾತುಗಳು ಬರೀ ತಮಾಷೆಯಾಗಿದ್ದವು. ಅದನ್ನೂ ನಾನು ಗಮನಿಸಿದೆ.

ಮತ್ತೆ ನಡುವಯಸ್ಸಿನ ಒಬ್ಬರು ಬಂದು ಕೂತರು. ಗೇಮ್ ಆಡಿ ರೂಢಿಯಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಬಾಳೂರಿನಲ್ಲಿ ಮೇಸ್ತ್ರಿ ‘ಇಲ್ಲೇ ಇಳೀತೀನಿ’ ಎಂದಾಗ ಅವರಿಗೆ ಬ್ರೇಕಿನ ಗುಂಡಿ ಸಿಗಲಿಲ್ಲ. ಒಂದನ್ನು ಒತ್ತಿದರೆ ಹಾರನ್ ಆಯಿತು, ಇನ್ನೊಂದಕ್ಕೆ ವೈಪರ್ ಓಡಿತು. ಜೀಪು ಮುಂದೆ ಹೋಗಿಬಿಟ್ಟಿತು. ಆಗ ಹಿಂದಿನಿಂದ ಆ ದನಿ ಬಂತು. ‘ಪರ್ವಾಗಿಲ್ಲ ಬಿಡಿ. ಗಾಬರಿ ಮಾಡ್ಕೋಬೇಡಿ. ಸೇತುವೆ ತನಕ ನಾನು ಬರ್ತೀನಿ.’

ಆ ಮನುಷ್ಯ ಕಂಟ್ರೋಲರ್ ಕೆಳಗಿಳಿಸಿ, ಕುರ್ಚಿಯಲ್ಲೇ ಹೊರಳಿ ತಮ್ಮ ಬೆನ್ನ ಹಿಂದೆ ನೋಡಿದರು. ಸ್ಕ್ರೀನಿನಲ್ಲಲ್ಲ, ನಿಜವಾಗಿ ತಮ್ಮ ಹಿಂದೆ. ಅಲ್ಲಿ ಒಬ್ಬಳು ನಿಂತಿದ್ದಳು, ಕುತ್ತಿಗೆಯಲ್ಲಿ ಪಬ್ಲಿಷರ್‌ಗಳಿಗೆ ಕೊಡುವ ಬ್ಯಾಡ್ಜು. ಅವರು ಅವಳಿಗೆ ಕ್ಷಮೆ ಕೇಳುವಂತೆ ನಕ್ಕು ಮತ್ತೆ ಆಟಕ್ಕೆ ತಿರುಗಿದರು. ಸೇತುವೆಯವರೆಗೂ ಬಹಳ ನಿಧಾನವಾಗಿ, ನಿಜವಾದ ಜೀಪಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡ ಹಾಗೆ ಓಡಿಸಿದರು.

ಗೆಳತಿ ನನ್ನ ಮೊಣಕೈ ಹಿಡಿದುಕೊಂಡಳು.

ಅವರು ಎದ್ದು ಹೋದ ಮೇಲೆ ಹಿಂದೆ ನಿಂತಿದ್ದವಳು ನಮ್ಮ ಹತ್ತಿರ ಬಂದಳು. ಕೊಚ್ಚಿಯಿಂದ ಬಂದಿದ್ದಳು, ಅಲ್ಲಿ ಅವಳೂ ಅವಳ ತಮ್ಮನೂ ಸೇರಿ ನಡೆಸುವ ಸಣ್ಣ ಪಬ್ಲಿಷಿಂಗ್ ಕಂಪನಿ. ‘ಅವರು ಹಿಂದಕ್ಕೆ ತಿರುಗಿ ನೋಡಿದ್ದನ್ನು ನೀವು ನೋಡಿದಿರಾ?’ ಎಂದು ಕೇಳಿದಳು. ನೋಡಿದೆವು ಎಂದೆವು. ‘ನಾನು ಈ ಕೆಲಸಕ್ಕೆ ಬಂದ ಮೇಲೆ ಯಾರೂ ಹಾಗೆ ತಿರುಗಿದ್ದನ್ನು ನೋಡಿಲ್ಲ,’ ಎಂದು ಕುರ್ಚಿ ಎಳೆದುಕೊಂಡಳು. ಆಮೇಲೆ ಅವಳು ನಮ್ಮನ್ನು ಕೇಳಿದ್ದು ವ್ಯಾಪಾರದ ಮಾತಲ್ಲ. ಆ ದನಿಯವರು ನಿಜವಾಗಿ ಏನು ಕೆಲಸ ಮಾಡುತ್ತಿದ್ದರು? ಸೇತುವೆ ಎಷ್ಟು ಉದ್ದ? ಗೇಮಿನಲ್ಲಿ ಅಕ್ಕನ ಮನೆಗೆ ಹೋದವಳಿಗೆ ಮರುದಿನ ಮನೆಯಲ್ಲಿ ಏನಂದರು? ಕೊನೆಯ ಪ್ರಶ್ನೆಗೆ, ಕೇಳಿಕೊಂಡು ಬಂದು ಹೇಳುತ್ತೇವೆ ಎಂದೆವು.

ಒಪ್ಪಂದ ಕೂಡಲೇ ಆಗಲಿಲ್ಲ. ಫೋನಿನಲ್ಲಿ ಎಷ್ಟೋ ವಾರ ಮಾತುಕತೆ ನಡೆಯಿತು. ಅವಳದ್ದು ಒಂದೇ ಹಟ: ಮೊದಲ ಸಲ ಮಂಜಿಲ್ಲದೆ, ಬಿಸಿಲಿನಲ್ಲಿ ಆ ರಸ್ತೆಯನ್ನು ತೋರಿಸಬೇಕು. ಗೆಳತಿಗೆ ಸಿಟ್ಟು ಬಂತು. ಕಂಡುಬಿಟ್ಟರೆ ಮಂಜಿಗೆ ಅರ್ಥವೇನು ಎಂದಳು. ನಾನು ಮಾಡಿ ನೋಡೋಣ ಎಂದೆ. ಕಳಸದ ಕಡೆಯ ಗುಡ್ಡ, ಬಾಳೂರಿನ ಇಳಿಜಾರು, ಸಿಲ್ವರ್ ಓಕ್ ಮರಗಳು, ಎಲ್ಲವನ್ನೂ ಬಿಸಿಲಿನ ಬಣ್ಣದಲ್ಲಿ ಬರೆಯಬೇಕಾಯಿತು. ಆಡಿಸಿ ನೋಡಿದಾಗ ಒಂದು ವಿಚಿತ್ರ ಗೊತ್ತಾಯಿತು. ಒಮ್ಮೆ ರಸ್ತೆ ಕಂಡವರು ಮಂಜಿನಲ್ಲಿ ಯಾರ ಮಾತೂ ಕೇಳದೆ ಧೈರ್ಯವಾಗಿ ಹೋಗಿ ಮೋರಿಗೆ ಇಳಿಯುತ್ತಿದ್ದರು. ಎರಡನೆಯ ಸಲ ಮಾತ್ರ ಹಿಂದಿನವರ ಮಾತಿಗೆ ಕಿವಿ ಕೊಡುತ್ತಿದ್ದರು. ನನಗೆ ಅದು ಹಿಡಿಸಿತು. ಗೆಳತಿ ಇವತ್ತಿಗೂ ಒಪ್ಪಿಲ್ಲ. ಆದರೆ ಸಹಿ ಹಾಕಿದಳು.

ಗೇಮ್ ಬಿಡುಗಡೆಯಾದ ದಿನ ಮೂಡಿಗೆರೆಯಲ್ಲಿ ಕರೆಂಟಿರಲಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದು ನೆಟ್ಟೂ ಹೋಗಿತ್ತು. ಜಗತ್ತಿನಲ್ಲಿ ಯಾರು ಬೇಕಾದರೂ ನಮ್ಮ ಗೇಮ್ ನೋಡಬಹುದಿತ್ತು, ನಮ್ಮಿಬ್ಬರನ್ನು ಬಿಟ್ಟು. ಗೆಳತಿಯ ಕಾರು ಹತ್ತಿ ಚಿಕ್ಕಮಗಳೂರಿನ ಕಡೆ ಹೊರಟೆವು. ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟಿ ಸಾಕಷ್ಟು ದೂರ ಹೋದ ಮೇಲೆ ಫೋನು ಸದ್ದು ಮಾಡತೊಡಗಿತು. ರಸ್ತೆ ಬದಿಗೆ ನಿಲ್ಲಿಸಿದೆವು.

ಕೊಂಡವರು ಬಹಳ ಇರಲಿಲ್ಲ, ಆದರೆ ಇದ್ದರು. ಒಬ್ಬರು ಚೆನ್ನಾಗಿದೆ ಎಂದು, ಇನ್ನೊಬ್ಬರು ನಿಧಾನ ಎಂದು ಬರೆದಿದ್ದರು. ಎಲ್ಲೋ ಹಿಮ ಬೀಳುವ ಊರಿನ ಒಬ್ಬರು ಒಂದು ಪ್ರಶ್ನೆ ಮಾತ್ರ ಕೇಳಿದ್ದರು: ಕೊನೆಯಲ್ಲಿ ಗದ್ದೆ ಬಯಲಿನ ಪಕ್ಕ ಹಾಯುವಾಗ ದೂರದಲ್ಲಿ ಎರಡು ಸಲ ಏನೋ ಕೂಗುತ್ತದೆ, ಅದು ಹಕ್ಕಿಯೋ, ಪ್ರಾಣಿಯೋ?

ನಾವು ಅಲ್ಲಿ ಯಾವ ಕೂಗನ್ನೂ ಇಟ್ಟಿರಲಿಲ್ಲ. ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದು, ಇಯರ್‌ಫೋನಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಕಿವಿಗಿಟ್ಟುಕೊಂಡು ಆ ಜಾಗದ ತನಕ ಆಡಿದೆವು. ಹೌದು, ಇತ್ತು. ಗಾಳಿಯ ಸದ್ದಿನ ಹಿಂದೆ, ಬಹಳ ದೂರ, ಎರಡು ಸಲ. ಜಾವಳಿಯ ಗದ್ದೆ ಬಯಲಿನಲ್ಲಿ ಬೇಸಿಗೆಯಲ್ಲಿ ಮಾಡಿಕೊಂಡು ಬಂದು, ನೂರಾರು ಸಲ ಕೇಳಿದ ರೆಕಾರ್ಡಿಂಗ್ ಅದು.

‘ಹಕ್ಕಿ ಅಲ್ಲ ಇದು,’ ಎಂದಳು ಗೆಳತಿ. ‘ಯಾರ್ದೋ ತೋಟದ ಗೇಟು.’

‘ಗೇಟು ಹೀಗ್ ಕೂಗುತ್ತಾ? ಕಪ್ಪೆ ಇರ್ಬೇಕು.’

‘ಬೇಸಿಗೇಲಿ ಎಲ್ಲಿ ಕಪ್ಪೆ?’

ಮತ್ತೆ ಹಾಕಿ ಕೇಳಿದೆವು. ತೀರ್ಮಾನವಾಗಲಿಲ್ಲ. ನಮಗೂ ಗೊತ್ತಿಲ್ಲ, ವಿಚಾರಿಸುತ್ತಿದ್ದೇವೆ ಎಂದು ಆ ಅಪರಿಚಿತರಿಗೆ ಉತ್ತರ ಬರೆದು, ಕಾರು ತಿರುಗಿಸಿಕೊಂಡು ಸೀದಾ ಜಾವಳಿಯ ಗದ್ದೆ ಬಯಲಿಗೆ ಹೋದೆವು. ಬದುವಿನ ಮೇಲೆ ಕೂತು, ಇಬ್ಬರೂ ಫೋನು ಆಫ್ ಮಾಡಿ, ಕತ್ತಲಾಗುವ ತನಕ ಕೇಳಿಸಿಕೊಂಡೆವು. ಆ ಸದ್ದು ಬರಲಿಲ್ಲ. ಬೇರೆ ಏನೇನೋ ಬಂದವು.